ಸಂದರ್ಶನ ಮುಗೀತು, ಥ್ಯಾಂಕ್ಸ್ ಮೇಲ್ ಹಾಕೋದಾ ಬೇಡ್ವಾ? ಮೈಸೂರು-ಮಂಡ್ಯ ಉದ್ಯೋಗಾಕಾಂಕ್ಷಿಗಳ ಪ್ರಶ್ನೋತ್ತರ

ಮದ್ದೂರಿನ ಸದಸ್ಯೆ: ನಿನ್ನೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇಂಟರ್‌ವ್ಯೂ ಆಯ್ತು ಮೇಡಂ. ಥ್ಯಾಂಕ್ಸ್ ಮೇಲ್ ಎಷ್ಟು ಹೊತ್ತಿನೊಳಗೆ ಹಾಕ್ಬೇಕು?

ನೇಮಕಾತಿ ಸಲಹೆಗಾರ್ತಿ: ಅದೇ ದಿನ ಸಂಜೆ. ತಪ್ಪಿದರೆ 24 ಗಂಟೆಯೊಳಗೆ. ಹೊಸ ಮೇಲ್ ಬೇಡ, ನಿಮ್ಮನ್ನ ಕರೆದ ಮೇಲ್‌ಗೇ ರಿಪ್ಲೈ ಮಾಡಿ. ಹುದ್ದೆ, ತಾರೀಖು, ನಿಮ್ಮ ರೆಸ್ಯೂಮೆ ಎಲ್ಲ ಒಂದೇ ಕಡೆ ಇರುತ್ತೆ, ಅವರು ಹುಡುಕೋ ಹಾಗಿರಲ್ಲ.

ಕುವೆಂಪುನಗರದ ಸದಸ್ಯ: ವಾಟ್ಸಾಪಲ್ಲಿ ಕಳಿಸಬಹುದಾ?

ಸಲಹೆಗಾರ್ತಿ: ಅವರು ವಾಟ್ಸಾಪಲ್ಲೇ ಕರೆದಿದ್ರೆ ಎರಡು ಸಾಲು ಸಾಕು. ಇಲ್ಲಾಂದ್ರೆ ಬೇಡ.

ಪಾಂಡವಪುರದ ಸದಸ್ಯ: ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಅಕೌಂಟ್ಸ್ ಹುದ್ದೆ, ಮೂರು ಜನರ ಪ್ಯಾನೆಲ್. 2023-24ರ ಖರೀದಿ ಬಿಲ್ಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿಯನ್ನ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು) ತಗೊಳ್ಳೋಕೆ ಕೊನೇ ದಿನ ಯಾವುದು ಅಂತ ಕೇಳಿದ್ರು. ಸೆಪ್ಟೆಂಬರ್ ತಿಂಗಳ ರಿಟರ್ನಿನ ಗಡುವು ಅಂದೆ. ಆಮೇಲೆ ನೋಡಿದ್ರೆ ನವೆಂಬರ್ 30. ಮೇಲ್‌ನಲ್ಲಿ ಇದನ್ನ ಎತ್ತಬೇಕಾ, ಅವರು ಮರೆತಿರ್ತಾರೆ ಅಂತ ಬಿಡಬೇಕಾ? ಎಚ್‌ಆರ್ ವಿಳಾಸ ಬಿಟ್ಟರೆ ಬೇರೆ ಯಾರದೂ ಇಲ್ಲ.

ಸಲಹೆಗಾರ್ತಿ: ಎತ್ತಿ. ಅಕೌಂಟ್ಸ್ ಮುಖ್ಯಸ್ಥರು ಮರೆಯಲ್ಲ, ಪಕ್ಕದಲ್ಲಿ ಗುರುತು ಹಾಕ್ಕೊಂಡಿರ್ತಾರೆ. ರಿಟರ್ನ್ ಸಲ್ಲಿಸೋ ಮುಂಚೆ ತನ್ನ ತಪ್ಪನ್ನ ತಾನೇ ಹಿಡಿಯೋನು ಬೇಕು ಅವರಿಗೆ. ಈ ಮೇಲ್‌ನಲ್ಲಿ ಅದೇ ಕಾಣುತ್ತೆ.

ಆದರೆ ಬರೀ "ನವೆಂಬರ್ 30" ಅಂತ ತಿದ್ದಿದ್ರೆ ಮತ್ತೆ ಅರ್ಧ ತಪ್ಪು. ಜಿಎಸ್‌ಟಿ ಕಾಯ್ದೆಯ ಕಲಂ 16(4) ಪ್ರಕಾರ, ಆರ್ಥಿಕ ವರ್ಷ ಮುಗಿದ ಮೇಲೆ ಬರೋ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದು. ನೀವು ಹೇಳಿದ್ದು 2022ರ ತಿದ್ದುಪಡಿಗೆ ಮುಂಚಿನ ನಿಯಮ, ಹಳೇ ಪುಸ್ತಕಗಳಲ್ಲಿ ಈಗಲೂ ಹಾಗೇ ಇದೆ.

ಜಾಗವೂ ಮುಖ್ಯ. ಮೊದಲ ಸಾಲಿನಲ್ಲೇ ತಪ್ಪು ಹೇಳಿಕೊಂಡರೆ ಓದುವವರಿಗೆ ಅದೊಂದೇ ಉಳಿಯುತ್ತೆ. ಮೊದಲು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ, ಹುದ್ದೆಯ ಹೆಸರು, ತಾರೀಖು. ಆಮೇಲೆ ಮಾತುಕತೆಯಲ್ಲಿ ಬಂದ ಒಂದು ನಿಜವಾದ ಅಂಶ, ಉದಾಹರಣೆಗೆ ಪೂರೈಕೆದಾರರ ಬಿಲ್ಲನ್ನ ಜಿಎಸ್‌ಟಿಆರ್-2ಬಿ (ಪೂರೈಕೆದಾರರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸೋ ಕ್ರೆಡಿಟ್ ಪಟ್ಟಿ) ಜೊತೆ ತಾಳೆ ನೋಡೋ ಕೆಲಸದ ಬಗ್ಗೆ ಅವರು ಹೇಳಿದ್ದು. ಮೂರನೆಯದಾಗಿ ತಿದ್ದುಪಡಿ, ಹೀಗೆ:

"ಕ್ರೆಡಿಟ್ ಗಡುವಿನ ಪ್ರಶ್ನೆಗೆ ನಾನು ಹಳೆಯ ನಿಯಮ ಹೇಳಿದೆ. 2023-24ಕ್ಕೆ ಅದು 2024ರ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಅದಕ್ಕಿಂತ ಮುಂಚೆ ಸಲ್ಲಿಕೆಯಾಗಿದ್ದರೆ ಆ ದಿನ."

ಅಷ್ಟೇ. "ಗಾಬರಿಯಾಗಿತ್ತು, ಕ್ಷಮಿಸಿ, ಇನ್ನೊಂದು ಅವಕಾಶ ಕೊಡಿ" ಅಂತ ಒಂದಕ್ಷರ ಸೇರಿಸಬೇಡಿ. ಮೂರು ಉತ್ತರ ತಪ್ಪಾಗಿದ್ರೂ ತಿದ್ದೋದು ಒಂದನ್ನೇ, ದಿನದ ಕೆಲಸಕ್ಕೆ ತಾಗೋದನ್ನ. ಪ್ಯಾನೆಲ್‌ನವರ ವಿಳಾಸ ಊಹಿಸಿ ಕಳಿಸಬೇಡಿ. "ಪ್ಯಾನೆಲ್‌ನ ಹಿರಿಯರಿಗೂ ದಯವಿಟ್ಟು ತಲುಪಿಸಿ" ಅಂತ ಎಚ್‌ಆರ್‌ಗೇ ಬರೀರಿ. ಒಟ್ಟು 120 ಪದ ದಾಟದಿರಲಿ. ಕಳಿಸೋ ಮುಂಚೆ ಹೆಸರಿನ ಅಕ್ಷರಗಳನ್ನ ಅವರ ಮೇಲ್‌ನ ಸಹಿ ಜೊತೆ ಒಂದೊಂದಾಗಿ ತಾಳೆ ನೋಡಿ.

ಸರಸ್ವತೀಪುರಂ ಸದಸ್ಯ: ಇದೆಲ್ಲ ಅಮೆರಿಕದ ಪದ್ಧತಿ. ನಮ್ಮಲ್ಲಿ ಎದ್ದು ನಮಸ್ಕಾರ ಹೇಳಿ ಬಂದ್ರೆ ಮುಗೀತು. ಮೇಲ್ ನೋಡಿ ಯಾರೂ ಕೆಲಸ ಕೊಡಲ್ಲ.

ಹೂಟಗಳ್ಳಿಯ ಸದಸ್ಯೆ: ಕೆಲಸ ಕೊಡುತ್ತೆ ಅಂತ ಇಲ್ಲಿ ಯಾರು ಹೇಳಿದ್ರು ಸರ್? ಇಬ್ಬರು ಸಮ ಇದ್ದಾಗ ಹೆಸರು ನೆನಪಲ್ಲಿ ಉಳಿಯುತ್ತೆ, ಅಷ್ಟೇ.

ಕೆ.ಆರ್. ಪೇಟೆಯ ಸದಸ್ಯ: ಕನ್ನಡದಲ್ಲೇ ಬರೆದ್ರೆ ಏನಾಯ್ತದೆ? ಮಾತಾಡ್ಸಿದ್ದು ಕನ್ನಡದಲ್ಲೇ, ಪತ್ರ ಮಾತ್ರ ಇಂಗ್ಲಿಷಲ್ಲಿ ಯಾಕೆ?

ಸರಸ್ವತೀಪುರಂ ಸದಸ್ಯ: ಕನ್ನಡದಲ್ಲಿ ಬರೆದ್ರೆ ಇಂಗ್ಲಿಷ್ ಬರಲ್ಲ ಅಂದ್ಕೋತಾರೆ.

ಕೆ.ಆರ್. ಪೇಟೆಯ ಸದಸ್ಯ: ಮೈಸೂರಲ್ಲಿ ಕೂತ್ಕಂಡು ಈ ಮಾತಾಡ್ತೀರಲ್ಲ, ನಾಚ್ಕೆ ಆಗ್ಬೇಕು.

ಸಲಹೆಗಾರ್ತಿ: ಅವರು ನಿಮಗೆ ಯಾವ ಭಾಷೆಯಲ್ಲಿ ಮೇಲ್ ಬರೆದರೋ ಆ ಭಾಷೆ. ಕನ್ನಡದಲ್ಲಿ ಕರೆದಿದ್ರೆ ಕನ್ನಡದಲ್ಲಿ ಧೈರ್ಯವಾಗಿ ಬರೀರಿ. ಜಗಳ ಸಾಕು.

ಶ್ರೀರಂಗಪಟ್ಟಣದ ಸದಸ್ಯ: ಸಂಬಳ ಎಷ್ಟು ಅಂತ ಅದೇ ಮೇಲ್‌ನಲ್ಲಿ ಕೇಳಬಹುದಾ?

ಗೋಕುಲಂ ಸದಸ್ಯ: ಗ್ರೂಪಲ್ಲಿ ಬಂದಿದ್ದು, ಉಪಯೋಗ ಆಗಬಹುದು: "ಬೆಳಿಗ್ಗೆ 8:55ಕ್ಕೆ ನೇರ ಎಂ.ಡಿ.ಗೆ ಮೇಲ್, ರಿಸೆಪ್ಷನ್‌ನಲ್ಲಿ ಅರ್ಧ ಕೆ.ಜಿ. ಮೈಸೂರು ಪಾಕ್, 3 ದಿನಕ್ಕೊಮ್ಮೆ ಫೋನ್. ಕೆಲಸ ಖಚಿತ."

ಸಲಹೆಗಾರ್ತಿ: ದಯವಿಟ್ಟು ಇದನ್ನ ಅಳಿಸಿ. ಆಯ್ಕೆ ಮಾಡೋರಿಗೆ ಸಿಹಿ ಕಳಿಸಿದ್ರೆ ಅದು ಉಡುಗೊರೆ. ಎಷ್ಟೋ ಕಂಪನಿಗಳಲ್ಲಿ ಅದನ್ನ ವರದಿ ಮಾಡಲೇಬೇಕು, ನಿಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತೆ. ಎಂ.ಡಿ.ಗೆ ಹಾಕಿದ್ರೆ ಎಚ್‌ಆರ್ ತಲೆ ಮೇಲೆ ಹತ್ತಿದ ಹಾಗೆ. ಫಲಿತಾಂಶ ಹೇಳ್ತೀವಿ ಅಂದ ದಿನ ಕಳೆದು ಎರಡು ಕೆಲಸದ ದಿನ ಬಿಟ್ಟು ಒಂದು ಮೇಲ್, ಒಂದೇ. ಇಂಥ ಫಾರ್ವರ್ಡ್ ನಂಬಿ ಒಳ್ಳೊಳ್ಳೆ ಹುಡುಗರು ಹಾಳಾಗ್ತಿದಾರೆ.

ಮಳವಳ್ಳಿಯ ಸದಸ್ಯೆ: ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಹುದ್ದೆಗೆ ವಾಕ್-ಇನ್ ಕೊಟ್ಟಿದ್ದೀನಿ. ಆಯ್ಕೆ ಸಮಿತಿಯ ಸದಸ್ಯರಿಗೆ ಪತ್ರ ಬರೆಯಲಾ?

ಸಲಹೆಗಾರ್ತಿ: ಬೇಡವೇ ಬೇಡ. ಜಾಹೀರಾತಿನ ಕೊನೆಯ ಷರತ್ತುಗಳನ್ನ ಓದಿ. ಯಾವುದೇ ರೀತಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹ ಅಂತ ಸಾಮಾನ್ಯವಾಗಿ ಇದ್ದೇ ಇರುತ್ತೆ. ಕೆಪಿಎಸ್‌ಸಿ, ಯುಪಿಎಸ್‌ಸಿಗೂ ಇದೇ ಮಾತು. ನಿಮ್ಮದು ಧನ್ಯವಾದವೇ ಇರಬಹುದು, ಕಡತದಲ್ಲಿ ಅದು ಬೇರೆ ಥರ ಕಾಣುತ್ತೆ.

ಕುವೆಂಪುನಗರದ ಇನ್ನೊಬ್ಬ ಸದಸ್ಯ: ವಾಟ್ಸಾಪ್ ಓಕೆನಾ ಮೇಡಂ?

ಸಲಹೆಗಾರ್ತಿ: ಮೇಲೆ ಇದೆ. ಓದಿ.

ಶ್ರೀರಂಗಪಟ್ಟಣದ ಸದಸ್ಯ: ಸಂಬಳದ ಪ್ರಶ್ನೆ ಎರಡನೇ ಸಲ ಕೇಳ್ತಿದೀನಿ.

ಸರಸ್ವತೀಪುರಂ ಸದಸ್ಯ: ನೋಡಿ, ಕೇಳಿದ್ದಕ್ಕೆ ಉತ್ತರ ಇಲ್ಲ.

ಹೂಟಗಳ್ಳಿಯ ಸದಸ್ಯೆ: ಬಿಟ್ಟಿ ಸಲಹೆ ಕೊಡ್ತಿರೋರಿಗೆ ಹೀಗಾ ಮಾತಾಡೋದು?

ಮದ್ದೂರಿನ ಸದಸ್ಯೆ: ಮೇಡಂ, ನೀವು ಹೇಳಿದ ಹಾಗೇ ಕಳಿಸಿ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿದ್ದೆ. ಈಗ ಬೇರೆ ಜಿಮೇಲ್ ವಿಳಾಸದಿಂದ "ಆಯ್ಕೆಯಾಗಿದ್ದೀರಿ, ಸಮವಸ್ತ್ರಕ್ಕೆ 2,500 ರೂಪಾಯಿ ಕಟ್ಟಿ, ವಾಪಸ್ ಕೊಡ್ತೀವಿ" ಅಂತ ಬಂದಿದೆ. ಕಟ್ಟಲಾ?

ಸಲಹೆಗಾರ್ತಿ: ಕಟ್ಟಬೇಡಿ! ಮೊದಲು ಆ ಸ್ಕ್ರೀನ್‌ಶಾಟ್ ತೆಗೀರಿ, ನಿಮ್ಮ ವಿಳಾಸ, ಕಂಪನಿ ಹೆಸರು, ಹುದ್ದೆ ಮೂರೂ ಅದರಲ್ಲಿ ಕಾಣ್ತಿದೆ. ನಿಮ್ಮನ್ನ ಕರೆದ ಮೂಲ ಮೇಲ್‌ನಲ್ಲಿರೋ ನಂಬರಿಗೆ ಫೋನ್ ಮಾಡಿ ಕೇಳಿ, ಹೊಸ ಮೇಲ್‌ನಲ್ಲಿರೋ ನಂಬರಿಗಲ್ಲ. ಲಿಂಕ್ ಒತ್ತಬೇಡಿ, ಆಧಾರ್ ಕಳಿಸಬೇಡಿ. ಆಗಲೇ ಹಣ ಹೋಗಿದ್ರೆ ಈ ಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಟ್ಟಿದ್ದೀರಾ ಇಲ್ವಾ, ಅದನ್ನ ಮೊದಲು ಹೇಳಿ.