ಅತ್ತಿಗೆ, ಗಾಡಿ ತಾನಾಗಿ ಪಲ್ಟಿಯಾದರೂ ಪರಿಹಾರ ಕೇಳಬಹುದು

ಅತ್ತಿಗೆ, ನಿಮ್ಮ ಸಂದೇಶ ರಾತ್ರಿಯೇ ಕೇಳಿದೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಸರಿಸದೆ ಪೂರ್ತಿ ಕೇಳಿ. ಗುಂಪಿನಲ್ಲಿರುವ ಎಲ್ಲರಿಗೂ ಬೇಕಾದ ವಿಷಯ, ಅದಕ್ಕೇ ಇಲ್ಲಿಯೇ ಹೇಳುತ್ತಿದ್ದೇನೆ.

"ಎದುರಿನಿಂದ ಯಾವ ಗಾಡಿಯೂ ಬಂದಿರಲಿಲ್ಲ, ನಮ್ಮದೇ ಪಲ್ಟಿ ಹೊಡೆಯಿತು, ಇನ್ನು ಯಾರನ್ನು ಕೇಳುವುದು, ಅಮ್ಮನ ಹಣೆಬರಹ" ಎಂದಿರಿ. ಹಣೆಬರಹದ ಮಾತು ಬಿಡಿ. ಇಷ್ಟು ವರ್ಷ ವಕೀಲರ ಕಚೇರಿಯಲ್ಲಿ ಕುಳಿತು ನಾನು ಬರೆದಿರುವುದು ಇಂಥ ಅರ್ಜಿಗಳನ್ನೇ. ಗಾಡಿಯೊಳಗೆ ಕುಳಿತಿದ್ದ ಅಮ್ಮನಿಗೂ ಕೇಳುವ ಹಕ್ಕಿದೆ. ಸೊಂಟದ ಮೂಳೆ ಮುರಿದು ಮಲಗಿರುವವರು ಅವರು, ಗಾಡಿ ಓಡಿಸಿದವರಲ್ಲ.

ನಿಮ್ಮನ್ನು ತಡೆಯುತ್ತಿರುವುದು ಬೇರೆ ಎಂದು ನನಗೆ ಗೊತ್ತು. ಗಾಡಿ ಓಡಿಸಿದ್ದು ನಿಮ್ಮ ತಮ್ಮ. ತಾಯಿಯೇ ಮಗನ ಮೇಲೆ ಕೇಸು ಹಾಕಿದಳು ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಆ ಅಂಜಿಕೆಯಿಂದ "ನಾಯಿ ಅಡ್ಡ ಬಂತು, ನಮ್ಮ ದೂರು ಏನೂ ಇಲ್ಲ" ಎಂದು ಠಾಣೆಯಲ್ಲಿ ಬರೆದುಕೊಟ್ಟು ಎದ್ದು ಬರುವ ಎಷ್ಟೋ ಮನೆಯವರನ್ನು ಕಂಡಿದ್ದೇನೆ. ಆರು ತಿಂಗಳಾದ ಮೇಲೆ ಆಸ್ಪತ್ರೆಯ ಬಿಲ್ಲುಗಳ ಕಟ್ಟು ಹಿಡಿದು ಬರುತ್ತಾರೆ, ಕೈಯಲ್ಲಿ ಎಫ್‌ಐಆರ್ ಇರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ನಡೆದದ್ದನ್ನು ನಡೆದಂತೆ ಹೇಳಿ. ತಮ್ಮನ ಮೇಲೆ ಅಜಾಗರೂಕ ಚಾಲನೆಯ ಪ್ರಕರಣ ದಾಖಲಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಜಾಮೀನು ಸಿಗುವ ಪ್ರಕರಣ. ಪಾಲಿಸಿ ಸರಿಯಾಗಿದ್ದರೆ ಪರಿಹಾರದ ಹಣ ಕಟ್ಟುವುದು ವಿಮೆ ಕಂಪನಿ, ಅವನ ಜೇಬಿನಿಂದ ಹೋಗುವುದಿಲ್ಲ.

ಆದ್ದರಿಂದ ಪಾಲಿಸಿಯೇ ಮುಖ್ಯ. ಗಾಡಿ ಅವನ ಗೆಳೆಯನದಲ್ಲವೇ? ಅದಕ್ಕಿರುವುದು ಹೊರಗಿನವರಿಗಾದ ಹಾನಿಗೆ ಮಾತ್ರ ಸಲ್ಲುವ ಥರ್ಡ್ ಪಾರ್ಟಿ ಪಾಲಿಸಿಯೋ, ಗಾಡಿಯನ್ನೂ ಒಳಗಿನವರನ್ನೂ ಸೇರಿಸಿಕೊಳ್ಳುವ ಪ್ಯಾಕೇಜ್ ಪಾಲಿಸಿಯೋ ನೋಡಬೇಕು. ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದ್ದರೆ ಒಳಗೆ ಕುಳಿತವರು ಅದರಲ್ಲಿ ಬರುವುದಿಲ್ಲ ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ, ಸುಪ್ರೀಂ ಕೋರ್ಟ್ ತೀರ್ಪುಗಳೂ ಅದರ ಪರವಾಗಿವೆ. ಪ್ಯಾಕೇಜ್ ಇದ್ದರೆ ಅಮ್ಮ ಕೇಳಬಹುದು. ಇನ್ನೊಂದು, ಗೆಳೆಯನಿಗೆ ಬಾಡಿಗೆ ಕೊಟ್ಟಿದ್ದರೋ, ಡೀಸೆಲ್ ಮಾತ್ರ ಹಾಕಿಸಿದ್ದರೋ? ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರೆ ಕಂಪನಿ ಅದನ್ನೇ ಹಿಡಿದು ಜಗ್ಗುತ್ತದೆ. ನನಗೆ ನಿಜ ಹೇಳಿ, ವಕೀಲರಿಗೂ ನಿಜವನ್ನೇ ಹೇಳಿ.

ತಮ್ಮನಿಗಾದ ಗಾಯದ ಲೆಕ್ಕ ಬೇರೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ್ದೇ ಒಂದು ಪಲ್ಟಿ ಪ್ರಕರಣದಲ್ಲಿ, ತನ್ನದೇ ಅಜಾಗರೂಕತೆಯಿಂದ ಸತ್ತ ಚಾಲಕನ ಮನೆಯವರಿಗೆ ಪರಿಹಾರ ಇಲ್ಲ ಎಂದ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿಯಿತು.

ಅಪಘಾತ ಹಿರಿಯೂರಿನ ಹತ್ತಿರ ಆಗಿದ್ದರೂ ಅರ್ಜಿಗೆ ಅಲ್ಲಿಗೆ ಅಲೆಯಬೇಕಿಲ್ಲ, ಅಮ್ಮ ವಾಸವಿರುವ ದಾವಣಗೆರೆಯಲ್ಲಿಯೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಅಡಿ ತಪ್ಪು ಯಾರದೆಂದು ತೋರಿಸಬೇಕಿಲ್ಲ, ಆದರೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಎಂದು ನಿಗದಿಯಾಗಿದೆ. 166ರಲ್ಲಿ ಚಾಲಕನ ತಪ್ಪನ್ನು ತೋರಿಸಬೇಕು, ಪರಿಹಾರಕ್ಕೆ ಆ ಮಿತಿ ಇಲ್ಲ. ಕಾನೂನಿನಲ್ಲಿ ಆರು ತಿಂಗಳ ಗಡುವು ಬರೆದಿದೆ, ತಡ ಮಾಡುವುದು ಬೇಡ. ವಕೀಲರ ಶುಲ್ಕದ ಚಿಂತೆ ಇದ್ದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೂ ಸಾಕು. ಆಸ್ಪತ್ರೆಯವರನ್ನು ಇಂದೇ ಒಂದು ಮಾತು ಕೇಳಿ: 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಅವರಿದ್ದಾರೆಯೇ ಎಂದು. ಅಪಘಾತದ ದಿನದಿಂದ ಏಳು ದಿನ, ಒಬ್ಬರಿಗೆ 1.5 ಲಕ್ಷದವರೆಗೆ. ಈಗಾಗಲೇ ನಾಲ್ಕು ದಿನ ಕಳೆದಿದೆ.

ನಿನ್ನೆ ಠಾಣೆಯ ಅಂಗಳದಲ್ಲಿ ಗಾಡಿ ನೋಡಿ ಬಂದೆ. ಹೊಟ್ಟೆಯಲ್ಲಿ ಸಂಕಟವಾಯಿತು. ಚಾವಣಿ ಸೀಟಿನ ತಲೆದಿಂಬಿನವರೆಗೆ ಕುಸಿದಿದೆ. ಮೇಲಿನ ಕ್ಯಾರಿಯರ್‌ಗೆ ಹಗ್ಗ ಇನ್ನೂ ಬಿಗಿದೇ ಇದೆ, ಅಕ್ಕಿ ಚೀಲ ಒಡೆದು ಬಾನೆಟ್ ಸಂದಿಯಲ್ಲೆಲ್ಲ ಅಕ್ಕಿ. ಅಮ್ಮ ಕುಳಿತಿದ್ದ ಹಿಂದಿನ ಸೀಟಿನ ಬೆಲ್ಟ್ ಕವರ್‌ನ ಅಡಿಯಲ್ಲಿ ಮಡಚಿ ಸೇರಿಕೊಂಡಿತ್ತು, ಒಮ್ಮೆಯೂ ಎಳೆದ ಗುರುತಿಲ್ಲ. ಒಡೆದ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಓದಿದೆ: 2316. ಅಂದರೆ 2016ರ 23ನೇ ವಾರ ತಯಾರಾದದ್ದು. ಆ ಟೈರನ್ನು ಯಾರೂ ಗುಜರಿಗೆ ಹಾಕದಿರಲಿ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಯಿತು. ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ದೊಡ್ಡ ಗಾಡಿಯಲ್ಲಿದ್ದವು, ಟೈರಿನ ಮೇಲ್ಪದರ ಕಿತ್ತು ಗಾಡಿಗಳು ಉರುಳಿ ಜನ ಸತ್ತಿದ್ದರು. ನಮ್ಮಲ್ಲಿಯೂ ತಯಾರಿಕೆಯ ದೋಷವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಂಪನಿಯನ್ನು ಕೇಳಬಹುದು. ಇಲ್ಲಿ ದೋಷ ಕಂಪನಿಯದೋ, ಹಳೆಯ ಟೈರಿನದೋ ಎಂಬುದನ್ನು ತಜ್ಞರು ಹೇಳಬೇಕು, ಹೇಳಲು ಟೈರೇ ಉಳಿದಿರಬೇಕು.

ಚಿಕ್ಕಪ್ಪ, ಈಗ ನಿಮಗೆ. ಸಿಗಂದೂರಿಗೆ ಒಂಬತ್ತು ಜನ ಅಂಥದ್ದೇ ಗಾಡಿಯಲ್ಲಿ ಹೋಗೋಣ, ದೊಡ್ಡ ಗಾಡಿ ಗಟ್ಟಿ ಎಂದಿರಿ. ಹುಲ್ಲು ಹೇರಿದ ಟ್ರೇಲರ್ ಹೊಲದ ಬದುವಿನಲ್ಲಿ ವಾಲುವುದನ್ನು ನನಗಿಂತ ನೀವು ಹೆಚ್ಚು ನೋಡಿದ್ದೀರಿ. ಇದೂ ಅದೇ. ಎತ್ತರದ ಗಾಡಿಯ ಭಾರ ಮೊದಲೇ ಮೇಲಿರುತ್ತದೆ, ಮೇಲೆ ಸಾಮಾನು ಕಟ್ಟಿದರೆ ಇನ್ನೂ ಮೇಲೇರುತ್ತದೆ. ಡಾಂಬರಿನ ಅಂಚಿನಿಂದ ಒಂದು ಚಕ್ರ ಮಣ್ಣಿಗೆ ಇಳಿದಾಗ ಗಾಬರಿಯಿಂದ ಸ್ಟೇರಿಂಗ್ ಜಗ್ಗಿದರೆ ಟೈರು ಅಂಚಿಗೆ ಸಿಕ್ಕಿ ಗಾಡಿ ಮಗುಚುತ್ತದೆ. ಆಗ ಸ್ಟೇರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ಇಳಿದ ಮೇಲೆ ನಿಧಾನವಾಗಿ ರಸ್ತೆಗೆ ಹತ್ತಿಸಬೇಕು. ಹೋಗುವುದಾದರೆ ಹಳದಿ ಬೋರ್ಡಿನ ಗಾಡಿ ಮಾಡೋಣ, ಸಾಮಾನು ಕೆಳಗೇ ಇಡೋಣ, ಹಿಂದೆ ಕುಳಿತವರೂ ಬೆಲ್ಟ್ ಹಾಕಲಿ. ಬೆಲ್ಟ್ ಎಷ್ಟಿವೆಯೋ ಅಷ್ಟೇ ಜನ.

ಅತ್ತಿಗೆ, ಆರ್‌ಸಿ ಮತ್ತು ಪಾಲಿಸಿಯ ಎಲ್ಲ ಪುಟಗಳ ಫೋಟೊ ಸಂಜೆಯೊಳಗೆ ಕಳುಹಿಸಿ. ನಾಳೆ ಮಧ್ಯಾಹ್ನ ಊಟ ತೆಗೆದುಕೊಂಡು ಆಸ್ಪತ್ರೆಗೆ ಬರುತ್ತೇನೆ, ಬಿಲ್ಲುಗಳನ್ನು ಒಂದೇ ಚೀಲದಲ್ಲಿ ಹಾಕಿಟ್ಟಿರಿ.