ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ ಅವರ ಏಳು ವಿಂಬಲ್ಡನ್ ಪ್ರಶಸ್ತಿಗಳನ್ನು ಹೇಗೆ ಅಳೆಯಬೇಕು?

ಪ್ರಶ್ನೆ:
ಇಂಗ್ಲೆಂಡಿನ ಹವ್ಯಾಸಿ ಟೆನಿಸ್ ಆಟಗಾರ್ತಿ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್ 1903ರಿಂದ 1914ರೊಳಗೆ ವಿಂಬಲ್ಡನ್ ಮಹಿಳಾ ಸಿಂಗಲ್ಸ್ ಪ್ರಶಸ್ತಿಯನ್ನು ಏಳು ಬಾರಿ ಗೆದ್ದರು. ಆದರೆ ಆ ಕಾಲದಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮೊದಲ ಸುತ್ತಿನಿಂದ ಆಡಬೇಕಾಗಿರಲಿಲ್ಲ. ಉಳಿದವರೆಲ್ಲ ಸೆಣಸಿ, ಗೆದ್ದು ಬಂದ ಒಬ್ಬರನ್ನು ಚಾಲೆಂಜ್ ರೌಂಡ್‌ನಲ್ಲಿ ಸೋಲಿಸಿದರೆ ಪ್ರಶಸ್ತಿ ಅವರಲ್ಲೇ ಉಳಿಯುತ್ತಿತ್ತು. ಹೀಗಿರುವಾಗ ಆ ಏಳನ್ನು ನಂತರದವರ ಗೆಲುವುಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಏಳನ್ನೂ ಒಂದೊಂದಾಗಿ ಬಿಡಿಸಿ ನೋಡಿದರೆ ತಮ್ಮ ಸಂದೇಹ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಒಂದೇ ಪಂದ್ಯವಾಡಿ ಅವರು ಪ್ರಶಸ್ತಿ ಉಳಿಸಿಕೊಂಡದ್ದು 1904, 1911 ಮತ್ತು 1914ರಲ್ಲಿ ಮಾತ್ರ. 1903, 1906, 1910 ಮತ್ತು 1913ರಲ್ಲಿ ಎಲ್ಲರಂತೆ ಸುತ್ತು ಸುತ್ತಾಗಿ ಆಡಿಯೇ ಗೆದ್ದರು. ಅಲ್ಲದೆ ವಿಶ್ರಾಂತಿಯ ಆ ಅನುಕೂಲವೇ ಗೆಲುವಿನ ಖಾತರಿಯೂ ಆಗಿರಲಿಲ್ಲ: 1905ರಲ್ಲಿಯೂ 1907ರಲ್ಲಿಯೂ ಹಾಲಿ ಚಾಂಪಿಯನ್ ಆಗಿ ಅಂಗಣಕ್ಕಿಳಿದ ಅವರನ್ನು ಕ್ಯಾಲಿಫೋರ್ನಿಯಾದ ಮೇ ಸಟ್ಟನ್ ಸೋಲಿಸಿದರು. ನಡುವಿನ 1906ರಲ್ಲಿ ಅದೇ ಸಟ್ಟನ್ ಅವರನ್ನು 6-3, 9-7ರಿಂದ ಮಣಿಸಿ ಕಿರೀಟ ಮರಳಿ ಪಡೆದದ್ದೇ ಏಳರಲ್ಲಿ ಅತ್ಯಂತ ತೂಕದ ಗೆಲುವು ಎಂಬುದು ನನ್ನ ಅಭಿಪ್ರಾಯ. 1911ರಲ್ಲಿ ಡೋರಾ ಬೂತ್‌ಬಿ ಅವರಿಗೆ ಒಂದು ಗೇಮನ್ನೂ ಬಿಟ್ಟುಕೊಡದೆ 6-0, 6-0ರಿಂದ ಗೆದ್ದದ್ದನ್ನು ಜನ ಹೆಚ್ಚು ನೆನೆಯುತ್ತಾರೆ. ಆದರೆ ಸಟ್ಟನ್ ಅವರ ಸಾಮರ್ಥ್ಯವೇ ಬೇರೆ.

ಉತ್ತರ 2:
ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆಯಿದೆ. ಆದರೂ ಒಂದು ಮಾತು ಸೇರಿಸಬೇಕು. ಅಂದು ವಿದೇಶಿ ಸ್ಪರ್ಧಿಗಳು ವಿರಳ. ಸಮುದ್ರ ದಾಟಿ ಬರುವ ಖರ್ಚನ್ನು ಹವ್ಯಾಸಿ ಆಟಗಾರ್ತಿಯರಲ್ಲಿ ಎಲ್ಲರೂ ಭರಿಸುವಂತಿರಲಿಲ್ಲ. ಆದ್ದರಿಂದ ಎದುರಾಳಿಗಳ ವಲಯ ಕಿರಿದಾಗಿತ್ತೆಂಬುದನ್ನು ಮರೆಯಬಾರದು.

ಉತ್ತರ 3:
ವಲಯ ಕಿರಿದಾಗಿತ್ತೆಂಬುದು ನಿಜ. ಆದರೆ ಅದು ವಿಸ್ತಾರಗೊಂಡ ಮೇಲೆ ಅವರು ಹೇಗೆ ಆಡಿದರು ಎಂಬುದಕ್ಕೂ ಸಾಕ್ಷ್ಯವಿದೆ. ಯುದ್ಧದಿಂದಾಗಿ ನಿಂತಿದ್ದ ವಿಂಬಲ್ಡನ್ 1919ರಲ್ಲಿ ಮತ್ತೆ ಆರಂಭವಾದಾಗ, ನಲವತ್ತರ ವಯಸ್ಸಿನ ಚೇಂಬರ್ಸ್ ಇಪ್ಪತ್ತರ ಫ್ರೆಂಚ್ ತರುಣಿ ಸುಜಾನ್ ಲಾಂಗ್ಲೆನ್ ಅವರನ್ನು ಚಾಲೆಂಜ್ ರೌಂಡ್‌ನಲ್ಲಿ ಎದುರಿಸಿದರು. ಕಾಲ್ಗಿಣ್ಣು ಮುಟ್ಟುವ ಲಂಗದಲ್ಲಿ ಅವರು 44 ಗೇಮ್ ಆಡಿದರು. ಮೂರನೆಯ ಸೆಟ್‌ನಲ್ಲಿ 6-5ರ ಮುನ್ನಡೆಯೊಂದಿಗೆ 40-15 ತಲುಪಿದಾಗ ಎರಡು ಮ್ಯಾಚ್ ಪಾಯಿಂಟ್‌ಗಳು, ಅಂದರೆ ಒಂದೇ ಅಂಕದಿಂದ ಪಂದ್ಯ ಮುಗಿಸುವ ಎರಡು ಅವಕಾಶಗಳು, ಅವರ ಕೈಯಲ್ಲಿದ್ದವು. ಮೊದಲನೆಯದರಲ್ಲಿ ಲಾಂಗ್ಲೆನ್ ಅವರ ರ್‍ಯಾಕೆಟ್ಟಿನ ಚೌಕಟ್ಟಿಗೆ ತಗುಲಿದ ಚೆಂಡು ಬಲೆಯನ್ನು ದಾಟಿ ಬಿತ್ತು; ಎರಡನೆಯದೂ ಕೈತಪ್ಪಿತು. ಅಂತಿಮವಾಗಿ 10-8, 4-6, 9-7ರಿಂದ ಗೆಲುವು ಲಾಂಗ್ಲೆನ್ ಪಾಲಾಯಿತು.

ಮರುವರ್ಷ ಹಾಲಿ ಚಾಂಪಿಯನ್ನಿನ ಸೌಲಭ್ಯ ಇರಲಿಲ್ಲವಾದ್ದರಿಂದ ಚೇಂಬರ್ಸ್ ಎಲ್ಲ ಸುತ್ತುಗಳನ್ನೂ ಆಡಿ, ಅಮೆರಿಕದ ಮೊಲ್ಲಾ ಮ್ಯಾಲರಿ ಮತ್ತು ಎಲಿಜಬೆತ್ ರಯಾನ್ ಅವರಂಥವರನ್ನು ಸೋಲಿಸಿ ಮತ್ತೆ ಲಾಂಗ್ಲೆನ್ ಎದುರು ನಿಂತರು. ಆ ಪಂದ್ಯವನ್ನು 6-3, 6-0ರಿಂದ ಸೋತರೆಂಬುದು ಬೇರೆ ಮಾತು. ನಲವತ್ತೊಂದರಲ್ಲಿ ಅಷ್ಟು ದೂರ ಬಂದವರ ಹಿಂದಿನ ಪ್ರಶಸ್ತಿಗಳನ್ನು ನಿಯಮದ ಕೃಪೆಯೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.