ಬ್ರೋಟ್ಶೆನ್ ‘ಬನ್ನು’ ಆದೀತೇ? ಬ್ರಾಟ್‌ವುರ್ಸ್ಟ್ ‘ಹುರಿದ ಸಾಸೇಜು’ ಹೌದೇ?

ಪ್ರಶ್ನೆ: ಜರ್ಮನಿಯ ಬೀದಿ ತಿಂಡಿಗಳ ಬಗೆಗಿನ ಅನುವಾದವೊಂದರಲ್ಲಿ ಬ್ರೋಟ್ಶೆನ್‌ಗೆ ‘ಬನ್ನು’ ಎಂದೂ ಬ್ರಾಟ್‌ವುರ್ಸ್ಟ್‌ಗೆ ‘ಹುರಿದ ಸಾಸೇಜು’ ಎಂದೂ ಬರೆದಿದ್ದಾರೆ. ಸರಿಯೇ? ಝೆಮೆಲ್, ಶ್ರಿಪ್ಪೆ ಬೇರೆ ತಿಂಡಿಗಳೇ?

ಉತ್ತರ: ಬನ್ನು ಬೇಡ. ನಮ್ಮ ಬೇಕರಿಯ ಬನ್ನು ಸಿಹಿ, ಮೆತ್ತಗೆ, ಟೀಗೆ ಅದ್ದುವಂಥದ್ದು. ಮಂಗಳೂರಿನವರಿಗೆ ‘ಬನ್ಸ್’ ಎಂದರಂತೂ ಬಾಳೆಹಣ್ಣಿನ ಪೂರಿ! ಬ್ರೋಟ್ಶೆನ್ ಸಿಹಿಯಲ್ಲ. ಅರ್ಧ ಕಿಲೋ ಗೋಧಿ ಹಿಟ್ಟಿಗೆ ಸುಮಾರು 300 ಗ್ರಾಂ ನೀರು, 10 ಗ್ರಾಂ ಉಪ್ಪು, ಯೀಸ್ಟ್. ಸುಮಾರು 230 ಡಿಗ್ರಿಯಲ್ಲಿ 18–20 ನಿಮಿಷ. ಒಲೆಗೆ ಹಾಕಿದೊಡನೆ ಆವಿ ಬಿಡಬೇಕು. ಇಲ್ಲದಿದ್ದರೆ ಮೇಲ್ಪದರ ಬೇಗ ಬಿಗಿದುಕೊಂಡು, ಒಳಗಿನ ಹಿಟ್ಟು ಉಬ್ಬಲು ಜಾಗ ಸಿಗದೆ ಪಕ್ಕದಿಂದ ಸೀಳಿ ಬರುತ್ತದೆ, ಹೊಳಪೂ ಬರುವುದಿಲ್ಲ. ಮುರಿದಾಗ ಗರಿಗರಿ ಚೂರು ಉದುರಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಿರೋ, ಒಳಗಿನ ತೇವ ಸಿಪ್ಪೆಗೆ ಏರಿ ರಬ್ಬರಾಗುತ್ತದೆ. ಅಲ್ಲಿನ ಬೇಕರಿಗಳು ಕಾಗದದ ಚೀಲದಲ್ಲಿ ಕೊಡುವುದು ಅದಕ್ಕೇ. ನಮ್ಮ ಕಡೆ ಹತ್ತಿರದ ನೆಂಟನೆಂದರೆ ಗೋವಾದ ಗಟ್ಟಿ ಸಿಪ್ಪೆಯ ಬ್ರೆಡ್ಡು, ಉಂಡೊ. ನಾನಾದರೆ ‘ಬ್ರೋಟ್ಶೆನ್’ ಎಂದೇ ಬರೆದು, ಮೊದಲ ಸಲ ‘ಗರಿ ಸಿಪ್ಪೆಯ ಪುಟ್ಟ ಬ್ರೆಡ್ಡು’ ಎಂದು ಬಿಡಿಸುತ್ತೇನೆ. ಪದವೂ ಅಷ್ಟೇ ಹೇಳುತ್ತದೆ: ಬ್ರೋಟ್ ಎಂದರೆ ಬ್ರೆಡ್ಡು, ‘ಶೆನ್’ ನಮ್ಮ ‘ಮರಿ’ ಇದ್ದಂತೆ.

ಝೆಮೆಲ್, ಶ್ರಿಪ್ಪೆ ಬೇರೆ ತಿಂಡಿಗಳಲ್ಲ, ಬ್ರೋಟ್ಶೆನ್‌ಗೇ ಬೇರೆ ಊರುಗಳಲ್ಲಿರುವ ಹೆಸರುಗಳು. ಬವೇರಿಯದಲ್ಲಿ ಝೆಮೆಲ್, ಬರ್ಲಿನ್‌ನಲ್ಲಿ ಶ್ರಿಪ್ಪೆ, ನೈಋತ್ಯದಲ್ಲಿ ವೆಕ್, ಹ್ಯಾಂಬರ್ಗ್‌ನಲ್ಲಿ ರುಂಟ್‌ಶ್ಟುಕ್. ಝೆಮೆಲ್‌ನ ಬೇರು ಲ್ಯಾಟಿನ್ನಿನ ‘ಸಿಮಿಲಾ’, ನಯವಾದ ಗೋಧಿ ಹಿಟ್ಟು. ನಮ್ಮ ರವೆಯನ್ನು ಇಂಗ್ಲಿಷಿನವರು ಸೆಮೊಲಿನಾ ಅನ್ನುತ್ತಾರಲ್ಲ, ಅದೂ ಈ ಬೇರಿನದೇ.

ಇನ್ನು ಬ್ರಾಟ್‌ವುರ್ಸ್ಟ್. ‘ವುರ್ಸ್ಟ್’ ಎಂದರೆ ಸಾಸೇಜು, ಸರಿ; ‘ಹುರಿದ’ ಸರಿಯಲ್ಲ. ಜರ್ಮನ್ನಿನಲ್ಲಿ ಹುರಿಯುವುದು, ಸುಡುವುದಕ್ಕೆ ‘ಬ್ರಾಟೆನ್’ ಎನ್ನುವುದರಿಂದ ಜರ್ಮನ್ನರೇ ಎಷ್ಟೋ ಜನ ಎಡವುತ್ತಾರೆ. ಇಲ್ಲಿನ ‘ಬ್ರಾಟ್’ ಬೇರೆ: ಹಳೆಯ ‘ಬ್ರಾಟೊ’, ಇಂದಿನ ‘ಬ್ರೇಟ್’, ಅಂದರೆ ಕೊಚ್ಚಿದ ಮಾಂಸ. ಮಿಲಿಟರಿ ಹೋಟೆಲಿನ ಭಾಷೆಯಲ್ಲಿ ಕೈಮ. ನ್ಯೂರೆಂಬರ್ಗ್‌ನಲ್ಲಿ ಇದನ್ನೇ ವಿನೆಗರ್-ಈರುಳ್ಳಿ ನೀರಿನಲ್ಲಿ ಬೇಯಿಸಿದರೂ ಬ್ರಾಟ್‌ವುರ್ಸ್ಟ್ ಬ್ರಾಟ್‌ವುರ್ಸ್ಟೇ. ಹುರಿದದ್ದಕ್ಕೇ ಆ ಹೆಸರಾಗಿದ್ದರೆ ಇದು ಹೇಗೆ ನಿಲ್ಲುತ್ತಿತ್ತು? ಬೀದಿ ಅಂಗಡಿಯ ಜಾಲರಿ ಮೇಲಿನದಕ್ಕಂತೂ ‘ಹುರಿ’ ಹೊಂದುವುದೇ ಇಲ್ಲ. ಕಡಲೆ ಹುರಿಯುತ್ತೇವೆ, ಕೆಂಡದ ಮೇಲೆ ಸುಡುತ್ತೇವೆ.

ಬ್ರೆಡ್ಡಿನ ಅಳತೆಗೆ ಸಾಸೇಜು ಇರಬೇಕೆಂದೂ ಇಲ್ಲ. ಟ್ಯೂರಿಂಗನ್‌ನ ಬ್ರಾಟ್‌ವುರ್ಸ್ಟ್ 15–20 ಸೆಂ.ಮೀ., ಎರಡೂ ಕಡೆ ಹೊರಗೆ ಚಾಚಿರುತ್ತದೆ. ಬ್ರೆಡ್ಡು ಅಲ್ಲಿ ಕೈ ಸುಡದಂತೆ ಇರುವ ಹಿಡಿ. ಸವರುವುದು ಸಾಸಿವೆ. ನ್ಯೂರೆಂಬರ್ಗ್‌ನದು 7–9 ಸೆಂ.ಮೀ., ಒಂದು 20–25 ಗ್ರಾಂ. ಹಾಗಾಗಿ ಮೂರು ಸೇರಿಸಿ ಕೊಡುತ್ತಾರೆ. ಕೇಳುವುದೂ ಹಾಗೇ: ‘ದ್ರೈ ಇಮ್ ವೆಗ್ಲಾ’, ಬ್ರೆಡ್ಡಿನೊಳಗೆ ಮೂರು.

ಬರ್ಲಿನ್‌ನ ಕರಿವುರ್ಸ್ಟ್ (ಕೆಚಪ್, ಕರಿ ಪುಡಿ ಹಾಕಿದ ಸಾಸೇಜು) ಪ್ರಸಂಗ ಬಂದರೆ ಒಂದು ಎಚ್ಚರಿಕೆ. ಅಂಗಡಿಯವರು ‘ಮಿಟ್ ಡಾರ್ಮ್? ಓನೆ ಡಾರ್ಮ್?’ ಎಂದು ಕೇಳುತ್ತಾರೆ. ಡಾರ್ಮ್ ಎಂದರೆ ಕರುಳು ನಿಜ, ಸಾಸೇಜಿನ ಮಾಂಸ ತುಂಬುವ ಹೊರಪದರ ಅದೇ. 1404ರ ಆರ್ನ್‌ಶ್ಟಾಟ್ ಕನ್ಯಾಮಠದ ಲೆಕ್ಕದಲ್ಲೂ ಬ್ರಾಟ್‌ವುರ್ಸ್ಟಿನ ಕರುಳಿಗೆಂದು 1 ಗ್ರೋಷೆನ್ (ಆಗಿನ ನಾಣ್ಯ) ಖರ್ಚು ಬರೆದಿದೆ. ಆದರೆ ‘ಕರುಳಿನೊಂದಿಗೆ’ ಎಂದು ಬರೆದರೆ ನಮ್ಮ ಓದುಗರಿಗೆ ಬೋಟಿ ಗೊಜ್ಜು ಕಣ್ಣಿಗೆ ಕಟ್ಟುತ್ತದೆ. ‘ಸಿಪ್ಪೆ ಇರೋದಾ, ಇಲ್ಲದ್ದಾ?’ ಅನ್ನಿ.